ಹಸಿರು ಟೋಪಿ, ನೇರಳೆ ಮಗ್

ಕುವೈತ್ ಬಿಟ್ಟು ಕದಲದೆ, ಅಮೆರಿಕದ ಎರಡು ಕಾಲೇಜುಗಳ ವಿದ್ಯಾರ್ಥಿಯಾದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ಅವರು ನನ್ನ ಕಾಕಾ. ನಿಜವಾಗಿ ಓದಿದ್ದು ಹುಬ್ಬಳ್ಳಿಯಲ್ಲಿ, ಹತ್ತನೆಯ ಇಯತ್ತೆಯ ತನಕ!

ಕಾಕಾ ಕುವೈತ್ ನಗರದ ಮಿರ್ಕಾಬಿನಲ್ಲಿರುವ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ನಕ್ಷೆ ಬರೆಯುತ್ತಾರೆ. ಕಚೇರಿಗೆ ಇಬ್ಬರು ಕುವೈತಿ ಮಾಲೀಕರು. ಇಬ್ಬರೂ ಓದಿದ್ದು ಅಮೆರಿಕದ ಒಂದೇ ರಾಜ್ಯದಲ್ಲಿ. ದುರದೃಷ್ಟವಶಾತ್ ಒಂದೇ ಕಾಲೇಜಿನಲ್ಲಲ್ಲ. ಒಬ್ಬರದು ಹಸಿರು ಬಾವುಟದ ಕಾಲೇಜು, ಇನ್ನೊಬ್ಬರದು ನೇರಳೆ. ಎರಡಕ್ಕೂ ಹಾವು ಮುಂಗುಸಿಯ ಸಂಬಂಧ.

ಹಸಿರು ಸಾಹೇಬರ ಪ್ರಕಾರ, ನೇರಳೆಯವರ ಮನೆಗೆ ಬೆಂಕಿ ಬಿದ್ದರೆ ಮೊದಲು ಹೊರಬರುವುದು ಚೌಕಟ್ಟು ಹಾಕಿಸಿದ ಪದವಿಪತ್ರ, ಆಮೇಲೆ ಹೆಂಡತಿ ಮಕ್ಕಳು. ನೇರಳೆ ಸಾಹೇಬರ ಪ್ರಕಾರ, ಕೃಷಿ ಶಾಲೆಯಾಗಿ ಹುಟ್ಟಿದ ಹಸಿರು ಕಾಲೇಜಿನ ಘಟಿಕೋತ್ಸವದಲ್ಲಿ ಮುಂದಿನ ಸಾಲು ದನಗಳಿಗೆ ಮೀಸಲು. ಹಾಜರಾತಿ ಅವುಗಳದೇ ಹೆಚ್ಚು. ಕಾಕಾ ಎರಡಕ್ಕೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಗುವಿಗೆ ಬಹುಮಾನವೂ ಬಂತು: ಹಸಿರು ಟೋಪಿ, ನೇರಳೆ ಮಗ್. ಟೋಪಿ ಎಡ ಡ್ರಾಯರಿನಲ್ಲಿ, ಮಗ್ ಬಲಕ್ಕೆ. ಕಾರಿಡಾರಿನ ಹೆಜ್ಜೆ ಸಪ್ಪಳ ಕೇಳಿ ಯಾವ ಡ್ರಾಯರ್ ಎಂದು ತೀರ್ಮಾನಿಸುತ್ತಿದ್ದರು. ಸಪ್ಪಳ ಕೇಳಿದಾಗಲೆಲ್ಲ, ಮೂರು ಮೇಜು ಆಚೆ ಕುಳಿತ ನಾನು, ಇಂದು ಸಿಕ್ಕಿಬೀಳುತ್ತಾರೆಂದು ಕಡತದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ.

ನಾನು ಅಲ್ಲೇ ಕಡತ ನೋಡಿಕೊಳ್ಳುವವಳು. ಸೇರಿದ ದಿನವೇ, ನಾವು ಸಂಬಂಧಿಕರೆಂದು ಯಾರಿಗೂ ತಿಳಿಯಬಾರದೆಂದು ಕಾಕಾರಿಂದ ಮಾತು ತೆಗೆದುಕೊಂಡಿದ್ದೆ. ಶಿಫಾರಸಿನಿಂದ ಬಂದವಳು ಅನ್ನಿಸಿಕೊಳ್ಳಬಾರದು ಎಂಬುದು ಹೇಳಿದ ಕಾರಣ. ನಿಜವಾದ ಕಾರಣ ಆ ಟೋಪಿಯ ಬಗ್ಗೆ ನನಗಿದ್ದ ನಾಚಿಕೆ. ಕಾಕಾ ಎಷ್ಟು ನಿಷ್ಠೆಯಿಂದ ಒಪ್ಪಿದರೆಂದರೆ, ಫಹಾಹೀಲಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಸುವಾಗಲೂ ಬಾಯಿ ತಪ್ಪಿ, “ಇನ್ನೊಂದು ಹಾಕ್ಲ್ಯಾ, ಮೇಡಂ?” ಅನ್ನತೊಡಗಿದರು.

ಈ ಸಲ ಭಯ ದೊಡ್ಡದಿತ್ತು. ಕಾಕಾರಿಗೆ ಅರವತ್ತು ತುಂಬಿತ್ತು. ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಂದುವರಿಯಬೇಕಾದರೆ ‘ಈತ ನಮಗೆ ಬೇಕು’ ಎಂದು ಕಚೇರಿ ಪತ್ರ ಕೊಡಬೇಕು; ಅದಕ್ಕೆ ಇಬ್ಬರು ಸಾಹೇಬರ ಸಹಿಯೂ ಬೇಕು. ಒಂದು ತಪ್ಪಿದರೂ ಖಲಾಸ್, ಊರಿಗೆ ಹೊರಡಬೇಕು. ಪತ್ರ ಟೈಪ್ ಮಾಡಿದವಳು ನಾನೇ. ಅದು ಸಹಿಗೆ ಹೋದ ವಾರವೇ ಆ ಎರಡು ಕಾಲೇಜುಗಳ ಅಮೆರಿಕನ್ ಫುಟ್ಬಾಲ್ ಪಂದ್ಯ ಬರಬೇಕೇ? ಕಾಕಾ ಪಂದ್ಯ ಡ್ರಾ ಆಗಲೆಂದು ಹರಕೆ ಹೊತ್ತರು. ಅವರ ಆ ಆಟದಲ್ಲಿ ಡ್ರಾ ಎಂಬುದೇ ಇಲ್ಲವೆಂದು ಪಾಪ, ದೇವರಿಗೂ ಗೊತ್ತಿರಲಿಲ್ಲ!

ಹಸಿರು ಸೋತಿತು.

ಮರುದಿನ ಬೆಳಿಗ್ಗೆ ಕಾರಿಡಾರಿನಲ್ಲಿ ಎರಡೂ ಹೆಜ್ಜೆಗಳು ಒಟ್ಟಿಗೆ ಬಂದವು. ಕಾಕಾ ಗಾಬರಿಯಲ್ಲಿ ಎರಡೂ ಡ್ರಾಯರ್ ಎಳೆದರು. ಬಾಗಿಲು ತೆರೆದಾಗ ಅವರ ತಲೆಯ ಮೇಲೆ ಹಸಿರು ಟೋಪಿ, ಕೈಯಲ್ಲಿ ನೇರಳೆ ಮಗ್.

ಹಸಿರು ಸಾಹೇಬರ ಕೈಯಲ್ಲಿ ನಾನು ಟೈಪ್ ಮಾಡಿದ ಪತ್ರವಿತ್ತು. ಕೆಳಗಿನ ಎರಡು ಗೆರೆಗಳೂ ಖಾಲಿ.

“ನೀನು ಯಾವ ಕಾಲೇಜಿನವನು, ಭಾಯಿ?” ಎಂದರು. ಮುಖದಲ್ಲಿ ನಗುವಿರಲಿಲ್ಲ.

ಕಾಕಾ ಟೋಪಿ ತೆಗೆದರು, ಮಗ್ ಕೆಳಗಿಟ್ಟರು. ಸಾಹೇಬರಿಗೂ ಅಷ್ಟಿಷ್ಟು ತಿಳಿಯುವ ತಮ್ಮ ಹರಕು ಹಿಂದಿಯಲ್ಲಿ, ತಾನು ಕಾಲೇಜಿನ ಗೇಟಿನ ತನಕ ಹೋದದ್ದು ಒಂದೇ ಸಲ ಎಂದರು. ರಜೆಗೆ ಹೋದಾಗ, ಧಾರವಾಡದಲ್ಲಿ, ಒಬ್ಬ ಹುಡುಗಿಯನ್ನು ಸೇರಿಸಲು. ಒಳಗೆ ಹೋಗಲು ಹೆದರಿ ನಾಲ್ಕು ತಾಸು ಗೇಟಿನಲ್ಲೇ ನಿಂತಿದ್ದರಂತೆ. ತನ್ನದೆಂಬ ಕಾಲೇಜು ಇದ್ದರೆ ಅದೊಂದೇ.

ಯಾರು ಆ ಹುಡುಗಿ ಎಂದು ನೇರಳೆ ಸಾಹೇಬರು ಕೇಳಿದರು. ಕಾಕಾ ನನ್ನ ಕಡೆ ನೋಡಲಿಲ್ಲ. ಅದನ್ನು ಹೇಳಲಾರೆ, ಮಾತು ಕೊಟ್ಟಿದ್ದೇನೆ ಎಂದರು.

ನಾನು ಎದ್ದು ನಿಂತೆ. ಆ ಹುಡುಗಿ ನಾನು, ಇವರು ನನ್ನ ಚಿಕ್ಕಪ್ಪ ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರಿಬ್ಬರೂ ಮುಖ ಮುಖ ನೋಡಿಕೊಂಡರು. ಹಸಿರು ಸಾಹೇಬರು ಪೆನ್ನಿಗಾಗಿ ಜೇಬು ತಡಕಿದರು, ಸಿಗಲಿಲ್ಲ. ನೇರಳೆ ಸಾಹೇಬರು ತಮ್ಮದನ್ನು ಕೊಟ್ಟರು. ಒಂದೇ ಪೆನ್ನಿನಿಂದ ಎರಡು ಸಹಿ ಬಿದ್ದವು.

ಅವರು ಹೋದ ಮೇಲೆ ನಾನು ಕಾಕಾರ ಮೇಜಿನ ಬಳಿ ಹೋದೆ.

“ಕಾಕಾ, ನಾಕಲ್ಲ. ಐದು ತಾಸು ನಿಂತಿದ್ದಿ.”

“ಐದೇನ?” ಕಾಕಾ ಟೋಪಿಯನ್ನು ಡ್ರಾಯರಿಗೆ ಹಾಕುತ್ತಾ ಅಂದರು. “ನಿನ್ನ ಹೆಸರು ಕರಿಯೂತನಕ ನನ್ನ ಎದಿ ಡವಡವ ಅಂತಿತ್ತು. ಗಡಿಯಾರ ಯಾರು ನೋಡ್ಯಾರ್ರೀ, ಮೇಡಂ.”