ಕಲ್ಲಿನ ಕೈ ಹಿಡಿದು

ಹೆದರಿಕೆ ಎಂಬ ಪದಾರ್ಥ ನನ್ನ ಮೈಯಲ್ಲಿ ಸಾಸಿವೆಯಷ್ಟೂ ಇಲ್ಲವೆಂದು ಹೆಂಡತಿಗೆ ತೋರಿಸಿಯೇ ತೀರುವ ಘನ ಸಂಕಲ್ಪ ಮಾಡಿ, ನನ್ನ ಗಡಿಯಾರ ರಿಪೇರಿ ಅಂಗಡಿಗೆ ಬೀಗ ಜಡಿದು, ಅವಳೊಡನೆ ಆ ಪುರಾತನ ಬೌದ್ಧ ಗುಹೆಗೆ ದಂಡಯಾತ್ರೆ ಹೊರಟೆ! ಬಾಗಿಲಲ್ಲಿದ್ದ ಕಾವಲುಗಾರ, "ಒಳಗೆ ಕತ್ತಲೆ ಸಾರ್, ಟಾರ್ಚ್ ತಗೊಳ್ಳಿ" ಎಂದ.

"ಬೇಡ. ಕೂದಲೆಳೆಯಂಥ ಸ್ಪ್ರಿಂಗ್ ಹುಡುಕೋ ಕಣ್ಣು ಇದು."

"ಮನೇಲಿ ಕನ್ನಡಕ ಹುಡುಕೋಕೆ ಮಾತ್ರ ನಾನು ಬೇಕು" ಎಂದಳು ಇವಳು.

ಕಾವಲುಗಾರ ನಗುತ್ತ, ದೊಡ್ಡ ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಒಳಕ್ಕೆ ಬಿಟ್ಟ. ಎರಡೂ ಕಡೆ ಸಾಲಾಗಿ ಭಿಕ್ಷುಗಳ ಕೋಣೆಗಳು. ಒಂದೊಂದರಲ್ಲೂ ಕಲ್ಲಿನ ಮಂಚ, ಕಲ್ಲಿನದೇ ದಿಂಬು. ಯಾರೋ ಈಗಷ್ಟೇ ಎದ್ದು ಹೋದಂತಿತ್ತು. ತುದಿಯಲ್ಲಿ ಅರೆಗಣ್ಣು ಮುಚ್ಚಿ ಕೂತ ಬುದ್ಧ, ಅವನ ಪಕ್ಕ ಆಳೆತ್ತರದ ಪರಿಚಾರಕರು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಕಸುಬಿನ ಚಾಳಿ, ಎಣಿಸುತ್ತ ನಿಂತೆ: ಮೂರು ಸೆಕೆಂಡಿಗೊಂದು ಹನಿ, ಒಮ್ಮೆಯೂ ತಪ್ಪದೆ.

ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಕನ್ನಡಿಯ ಬೆಳಕು ಹೋಯಿತು. ಹನಿಯೂ ನಿಂತಿತು.

"ಇದೀಯೇನೇ?" ಎಂದೆ. ಉತ್ತರವಿಲ್ಲ. ಕೈ ಚಾಚಿದೆ. ಕೈಗೊಂದು ಕೈ ಸಿಕ್ಕಿತು, ತಣ್ಣಗಿತ್ತು. ಆದರೂ ಮಾತಿಲ್ಲ.

ನಮ್ಮ ಮನೆಯ ಕಾನೂನು ನಿಮಗೆ ಗೊತ್ತಿಲ್ಲ. ಸಿಟ್ಟು ಬಂದರೆ ಇವಳು ಬಾಯಿ ಬಿಡುವುದಿಲ್ಲ. ಯಾವ ತಪ್ಪಿಗೆ ಸಿಟ್ಟು ಎಂದು ನಾನೇ ಊಹಿಸಿ ಒಪ್ಪಿಕೊಳ್ಳಬೇಕು. ಸರಿಯಾದ ತಪ್ಪು ಸಿಕ್ಕಾಗ "ಹೂಂ" ಅನ್ನುತ್ತಾಳೆ, ಅಲ್ಲಿಗೆ ರಾಜಿ. ಆ ಕತ್ತಲಲ್ಲಿ ನನಗೊಂದು "ಹೂಂ" ತುರ್ತಾಗಿ ಬೇಕಿತ್ತು.

"ಟಾರ್ಚ್ ತರಬೇಕಿತ್ತು, ತಪ್ಪಾಯ್ತು." ಮೌನ. "ನಿನ್ನ ತಂಗಿ ಫೋನ್ ಮಾಡಿದ್ದು ಹೇಳಲಿಲ್ಲ." ಮೌನ. ಹಿಂದಿನ ಕೋಣೆಯಲ್ಲಿ ಯಾರೋ ಮಗ್ಗುಲು ಬದಲಿಸಿದಂತಾಯಿತು. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೇ ಬಂದುಬಿಟ್ಟಿತು.

"ನಿಮ್ಮಪ್ಪನ ಗಡಿಯಾರ ನಾನು ರಿಪೇರಿ ಮಾಡಲೇ ಇಲ್ಲ ಕಣೇ. ಬಿಚ್ಚಿ ಹಾಳು ಮಾಡಿದೆ. ಒಳಗಿರೋದು ಬೇರೆ ಮಿಷಿನ್ನು."

ದಿನಾ ಬೆಳಗ್ಗೆ ಅದಕ್ಕೆ ಕೀ ಕೊಟ್ಟು, ಕಿವಿಯಿಟ್ಟು, ಅಪ್ಪನ ದನಿ ಕೇಳಿದಂತೆ ಕಣ್ಣು ಮುಚ್ಚುವವಳು ಅವಳು. ಇನ್ನು ನನ್ನ ಮುಖ ನೋಡುವಳೇ? ನನಗೆ ಅಳುವೇ ಬಂತು.

"ಹೂಂ" ಎಂದು ಕಿವಿಯ ಹತ್ತಿರವೇ ಕೇಳಿಸಿತು.

ಮೋಡ ಸರಿಯಿತು. ನಾನು ಹಿಡಿದಿದ್ದದ್ದು ಪರಿಚಾರಕನ ಕಲ್ಲಿನ ಕೈ! ಇವಳು ಎಲ್ಲೂ ಇಲ್ಲ. ಹೇಗೆ ಓಡಿದೆನೋ, ಬೆಳಕಿಗೆ ಬಂದಾಗ ಕಾವಲುಗಾರನನ್ನು ಅಪ್ಪಿಕೊಂಡಿದ್ದೆ. ಇವಳು ಮೆಟ್ಟಿಲ ಮೇಲೆ ಕೂತಿದ್ದಳು.

"ಯಾವಾಗ ಹೊರಗೆ ಬಂದೆ?"

"ಮೋಡ ಬರೋಕೆ ಮುಂಚೇನೇ. ನೀವು ಹನಿ ಎಣಿಸ್ತಾ ನಿಂತಿದ್ರಲ್ಲ."

"ಮತ್ತೆ 'ಹೂಂ' ಅಂದಿದ್ದು?"

ಕಾವಲುಗಾರನ ನಗು ನಿಂತಿತು. "ಒಳಗೆ ನೀವೊಬ್ರೇ ಇದ್ದಿದ್ದು ಸಾರ್" ಎಂದವನೇ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ.

"ನಾನು ಹೇಳಿದ್ದು ಇಲ್ಲಿಗೆ ಕೇಳಿಸ್ತಾ?" ಎಂದು ಇವಳನ್ನು ಕೇಳಿದೆ.

"ಎಲ್ಲಾ. ಗಡಿಯಾರದ ವಿಷಯ ನಂಗೆ ಅವತ್ತೇ ಗೊತ್ತಿತ್ತು."

"ದಿನಾ ಕಿವಿ ಇಟ್ಟು ಕೇಳ್ತಿದ್ದೆಯಲ್ಲ!"

"ಆಗ ನಿಮ್ಮ ಮುಖ ನೋಡೋ ಹಾಗಿರ್ತಿತ್ತು."

"ಗೊತ್ತಾಗಿದ್ದು ಹೇಗೆ?"

"ಸರಿಯಾದ ಟೈಮ್ ತೋರಿಸ್ತಿತ್ತು" ಎಂದಳು. "ನೀವು ರಿಪೇರಿ ಮಾಡಿದ್ದು ಯಾವತ್ತಾದ್ರೂ ಹಾಗೆ ತೋರಿಸಿದ್ದುಂಟಾ?"