ಫ್ಯಾನಿನ ಕೆಳಗಿನ ಕುರ್ಚಿ

ಬ್ರೇಕ್ ಮೇಷ್ಟ್ರಿಗೆ ಬಿಪಿ ಬಂದದ್ದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಡ್ರೈವಿಂಗ್ ಸ್ಕೂಲು ನಡೆಸುವವರು. ಎಡಬಲ ತಿಳಿಯದವರ ಪಕ್ಕದಲ್ಲಿ ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂರುವವರು. ಅವರ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ. ಅದನ್ನು ಒತ್ತಿ ಒತ್ತಿ ಅಭ್ಯಾಸವಾಗಿ, ಮನೆಯಲ್ಲಿ ಸಿಟ್ಟು ಬಂದರೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. (ಹೆಂಡತಿಯ ಎದುರು ಇನ್ನೇನು ತಾನೇ ಮಾಡಲು ಸಾಧ್ಯ?) ಡಾಕ್ಟರು ದಿನಾ ಸಂಜೆಗೊಂದರಂತೆ ಬರೆದುಕೊಟ್ಟ ಮಾತ್ರೆಗಳು ಮಾತ್ರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದವು.

"ತಲೆ ಸುತ್ತಲ್ಲ, ನೋವಿಲ್ಲ. ಗುಂಡುಕಲ್ಲಿನ ಹಾಗಿದೀನಿ. ನನಗ್ಯಾಕೆ ಮಾತ್ರೆ?" ಎನ್ನುವುದು ಅವರ ವಾದ.

ಅವರಿಗಿದ್ದ ನಿಜವಾದ ಕಾಯಿಲೆ ಬಿಪಿಯಲ್ಲ, ಷಡ್ಡಕ.

ಹೆಂಡತಿಯ ಅಕ್ಕನ ಗಂಡ, ವೃತ್ತಿಯಲ್ಲಿ ಆಡಿಟರು. ಅತ್ತೆಯ ಮನೆಯ ಹಾಲಿನಲ್ಲಿ, ಸರಿಯಾಗಿ ಫ್ಯಾನಿನ ಕೆಳಗೆ, ಮೆತ್ತೆ ಹಾಸಿದ ಆರಾಮಕುರ್ಚಿ ಒಂದಿದೆ. ದೊಡ್ಡಳಿಯಂದಿರು ಬಂದರೆ ಆ ಸಿಂಹಾಸನ ಅವರಿಗೇ. ಮೇಷ್ಟ್ರಿಗೆ ವಾಷಿಂಗ್ ಮಷೀನಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲು. ಮಷೀನು ತಿರುಗಿದರೆ ಸ್ಟೂಲೂ ನಡುಗುತ್ತದೆ, ಮೇಷ್ಟ್ರೂ ನಡುಗುತ್ತಾರೆ. ಮದುವೆಯಾದಾಗಿನಿಂದ ಅವರು ಆ ಕುರ್ಚಿಯ ಮೇಲೆ ಕಣ್ಣಿಟ್ಟು ಒಳಗೊಳಗೇ ಬೆಂದಿದ್ದರು.

ಆಡಿಟರಿಗೂ ಬಿಪಿ ಇತ್ತು. ಅದರಲ್ಲೂ ಅವರದೇ ಮೇಲುಗೈ. ಅಕ್ಕತಂಗಿಯರು ಗಂಡಂದಿರ ಬಿಪಿಯನ್ನು ಮಕ್ಕಳ ಪರೀಕ್ಷೆಯ ಅಂಕಗಳಂತೆ ಹೋಲಿಸುತ್ತಿದ್ದರು. (ಒಂದೇ ವ್ಯತ್ಯಾಸ, ಇಲ್ಲಿ ಕಡಿಮೆ ಅಂಕದವನೇ ಜಾಣ.)

"ಭಾವಂದು ಈ ಸಲಾನೂ ನೂರಿಪ್ಪತ್ತು–ಎಂಬತ್ತಂತೆ ರೀ. ಅಕ್ಕ ಫೋನ್ ಮಾಡಿದ್ಲು. ಆಮೇಲೆ ಅಮ್ಮಾನೂ ಫೋನ್ ಮಾಡಿ ನಿಮ್ಮದೆಷ್ಟು ಅಂತ ಕೇಳಿದ್ರು."

"ಏನಂದೆ?"

"ಲೈನ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ."

ಮೇಷ್ಟ್ರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಕುರ್ಚಿಯಂತೂ ಹೋಯಿತು, ರಕ್ತದಲ್ಲೂ ಆ ಮನುಷ್ಯ ತನಗಿಂತ ಮೇಲೇ? ಕೂಡಲೇ ಕಾರಿಗೆ ಓಡಿ, ಡ್ಯಾಶ್‌ಬೋರ್ಡಿನ ಹಳೆಯ ಮಾತ್ರೆಗಳನ್ನು ಎಸೆದು, ಹೊಸವು ತಂದು ಒಂದನ್ನು ನುಂಗಿದರು. ಹೀಗೆ ಅವರ ಘೋರ ತಪಸ್ಸು ಆರಂಭವಾಯಿತು. ಊಟದಲ್ಲಿ ಉಪ್ಪು ಕಡಿಮೆಯಾಯಿತು, ಬೆಳಗಿನ ನಡಿಗೆ ಶುರುವಾಯಿತು. ಕಲಿಯುವವರು ಕಾರನ್ನು ದೀಪದ ಕಂಬಕ್ಕೆ ಗುರಿಯಿಟ್ಟರೂ, "ಕಂಬ ಜಾಗ ಬಿಡಲ್ಲ ತಾಯಿ, ನೀವೇ ಸ್ವಲ್ಪ ದೊಡ್ಡ ಮನಸ್ಸು ಮಾಡಿ" ಎಂದು ಮೆತ್ತಗೆ ಹೇಳತೊಡಗಿದರು.

ಯಾವಾಗಲಾದರೂ ಮೇಷ್ಟ್ರು ಸಂಜೆ ಸೋಮಾರಿತನ ಮಾಡಿದರೆ, ಹೆಂಡತಿ ನೀರಿನ ಲೋಟ ಹಿಡಿದು ಬಂದು ಒಂದೇ ಮಾತು ಹೇಳುತ್ತಿದ್ದಳು: "ಭಾವ ಆಗಲೇ ನುಂಗಿದ್ರಂತೆ." ಮಾತ್ರೆ ಗುಟುಕ್ಕನೆ ಇಳಿಯುತ್ತಿತ್ತು. "ನಾನು ವರ್ಷಗಟ್ಟಲೆ ಬಾಯಿ ಬಡ್ಕೊಂಡ್ರೂ ಆಗದ್ದು, ಹೊಟ್ಟೆಕಿಚ್ಚಿನಿಂದ ಆಯ್ತು ನೋಡಿ" ಎಂದು ಆಕೆ ಖುಷಿಪಟ್ಟಳು.

ಅಷ್ಟರಲ್ಲಿ ಅತ್ತೆ ಹೊಸ ಬಿಪಿ ಮಷೀನು ಕೊಂಡರು. ಅದರ ಪ್ರಾರಂಭೋತ್ಸವಕ್ಕೆಂದು ಭಾನುವಾರ ಇಬ್ಬರು ಅಳಿಯಂದಿರನ್ನೂ ಊಟಕ್ಕೆ ಕರೆದರು.

ಊಟವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಮೇಷ್ಟ್ರೇ ಮೊದಲು ತೋಳು ಚಾಚಿದರು. ಮಷೀನು ಗುಯ್‌ಗುಟ್ಟಿ ನೂರಿಪ್ಪತ್ತೆರಡು–ಎಪ್ಪತ್ತೆಂಟು ತೋರಿಸಿತು.

"ಭೇಷ್!" ಎಂದರು ಅತ್ತೆ. ಆ ಗಳಿಗೆಯ ಧೈರ್ಯದಲ್ಲಿ ಮೇಷ್ಟ್ರು ನೇರ ಹೋಗಿ ಆರಾಮಕುರ್ಚಿಯಲ್ಲಿ ಕೂತೇಬಿಟ್ಟರು. ಫ್ಯಾನಿನ ಗಾಳಿ ನೆತ್ತಿಗೆ ಬಡಿದು ಜನ್ಮ ಸಾರ್ಥಕವಾಯಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಈಗ ಭಾವಂದು ನೋಡೋಣ" ಎಂದರು.

"ನಂದು ಬಿಡಪ್ಪ, ಮೊನ್ನೆ ತಾನೇ ನೋಡ್ಸಿದೀನಿ" ಎಂದು ಆಡಿಟರು ಅಂಗಿಯ ತೋಳು ಕೆಳಗೆಳೆದುಕೊಂಡರು.

"ಛೆ ಛೆ! ನೀವು ನಮಗೆಲ್ಲ ಮಾದರಿ. ಕೊಡಿ ತೋಳು!"

ಮಷೀನು ಗುಯ್‌ಗುಟ್ಟಿತು. ಎರಡು ಸಲ ನೋಡಿದರೂ ನೂರೆಂಬತ್ತರ ಮೇಲೆಯೇ. ಅಕ್ಕ ಎದೆ ಹಿಡಿದುಕೊಂಡಳು. "ಏನ್ರೀ ಇದು? ತಿಂಗಳು ತಿಂಗಳು ನೂರಿಪ್ಪತ್ತು ಅಂತಿದ್ರಲ್ಲ?"

ಆಡಿಟರು ತಲೆ ತಗ್ಗಿಸಿದರು. "ಮೊದಲನೇ ಸಲ ನಿಜವಾಗ್ಲೂ ಅಷ್ಟೇ ಬಂತು ಕಣೇ. ವಾಸಿಯಾಯ್ತಲ್ಲ ಅಂತ ಮಾತ್ರೆ ನಿಲ್ಲಿಸ್ದೆ. ಆಮೇಲೆ ನೋಡಿಸ್ಲೇ ಇಲ್ಲ, ಲೆಕ್ಕದ ಪುಸ್ತಕದ ಹಾಗೆ ಹಳೇ ಅಂಕಿನೇ ಮುಂದಕ್ಕೆ ತಂದೆ."

ಮೇಷ್ಟ್ರ ಮನಸ್ಸು ಕುಣಿಯಿತು. ಸಿಕ್ಕಿಬಿದ್ದ! ಇನ್ನು ಅತ್ತೆ ಬಿಡಿಸುತ್ತಾರೆ ಗ್ರಹಚಾರ!

"ಅಯ್ಯೋ ಪಾಪ!" ಎಂದರು ಅತ್ತೆ. "ಎಷ್ಟು ಕೆಲಸವೋ, ಎಷ್ಟು ಯೋಚನೆಯೋ! ನೀವು ಏಳಿ ಅಳಿಯಂದ್ರೆ, ಅವರು ಸ್ವಲ್ಪ ಒರಗಿಕೊಳ್ಳಲಿ. ನಿಮಗೇನು, ಗುಂಡುಕಲ್ಲಿನ ಹಾಗಿದೀರಿ. ಹೋಗಿ ಕಾರು ತೆಗೀರಿ, ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು."

ಗುಂಡುಕಲ್ಲು ಎದ್ದಿತು. ಕಾರು ತೆಗೆಯಿತು. ಡಾಕ್ಟರು ಆಡಿಟರನ್ನು ಚೆನ್ನಾಗಿ ಬೈದು, ಅದೇ ಮಾತ್ರೆ ಮತ್ತೆ ಶುರುಮಾಡಿ ಕಳಿಸಿದರು. ಅದೊಂದೇ ಮೇಷ್ಟ್ರಿಗೆ ಆ ದಿನ ಸಿಕ್ಕ ಸಮಾಧಾನ.

ವಾಪಸು ಬಂದಾಗ ಕುರ್ಚಿಗೆ ಇನ್ನೊಂದು ಮೆತ್ತೆ ಬಿದ್ದಿತ್ತು. ಆಡಿಟರು ಕಣ್ಣುಮುಚ್ಚಿ ಒರಗಿದರು. ಅಕ್ಕ ಹಣ್ಣು ಹೆಚ್ಚಿ ತಂದಳು, ಅತ್ತೆ ಫ್ಯಾನು ಜೋರು ಮಾಡಿದರು. ಅತ್ತ ವಾಷಿಂಗ್ ಮಷೀನು ಬಟ್ಟೆ ಹಿಂಡತೊಡಗಿತು. ಸ್ಟೂಲಿನ ಮೇಲೆ ನಡುಗುತ್ತ ಕೂತ ಮೇಷ್ಟ್ರಿಗೆ ಕಣ್ಣು ಕತ್ತಲೆ ಬರುವಷ್ಟು ಹೊಟ್ಟೆ ಉರಿಯಿತು. ಮಾತ್ರೆ ನುಂಗಿದವನಿಗೆ ಸ್ಟೂಲು, ಬಿಟ್ಟವನಿಗೆ ಸಿಂಹಾಸನ! ಬಲಗಾಲು ನೆಲ ಒತ್ತುತ್ತಲೇ ಇತ್ತು. ತಾವೇ ಬಿಪಿ ಮಷೀನು ಎಳೆದು ತೋಳಿಗೆ ಕಟ್ಟಿಕೊಂಡರು. ನೂರರವತ್ತನಾಲ್ಕು!

"ಅತ್ತೇ, ಇಲ್ಲಿ ನೋಡಿ!" ಎಂದರು, ಹರ್ಷದಿಂದ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ದಿನಾ ತಪ್ಪದೆ ಮಾತ್ರೆ ತಗೊಳ್ಳೋರಿಗೆ ಇಷ್ಟು ಬರೋಕೆ ಸಾಧ್ಯಾನೇ ಇಲ್ಲ. ಮಷೀನು ಆಗಲೇ ಕೆಟ್ಟಿದೆ. ಅಂಗಡಿ ಮುಚ್ಚೋದ್ರೊಳಗೆ ಹೋಗಿ ಬದಲಾಯಿಸಿಕೊಂಡು ಬನ್ನಿ."

ಮೇಷ್ಟ್ರು ಮಷೀನಿನ ಡಬ್ಬಿ ಬಗಲಿಗಿಟ್ಟುಕೊಂಡು ದಡದಡನೆ ಹೊರಟರು. ಬಾಗಿಲಲ್ಲಿ ಹೆಂಡತಿ ಲೋಟ ಹಿಡಿದು ನಿಂತಿದ್ದಳು.

"ನಂಗೆ ಮಾತ್ರೆ ಬೇಡ! ಇವತ್ತಿಂದ ನಿಲ್ಲಿಸ್ದೆ! ನಾನೂ ಕುರ್ಚಿಲಿ ಕೂರ್ಬೇಕು!"

ಹೆಂಡತಿ ಒಳಗೆ ಕುರ್ಚಿಯ ಕಡೆ ಒಮ್ಮೆ ನೋಡಿ ಹೇಳಿದಳು: "ಭಾವ ಆಗಲೇ ನುಂಗಿದ್ರು ರೀ."

ಮೇಷ್ಟ್ರು ಲೋಟ ಕಿತ್ತುಕೊಂಡರು.