ಕಶೇರುಕಗಳೂ ಭಾನುವಾರದ ಮೀನೂ

ಮೇಷ್ಟ್ರಾದವನು ಶಾಲೆಯ ಪಾಠವನ್ನು ಶಾಲೆಯಲ್ಲೇ ಬಿಟ್ಟು ಬರಬೇಕು. ಮನೆಗೆ ತಂದರೆ ಅದು ನೇರವಾಗಿ ಊಟದ ತಾಟಿಗೇ ಬಂದು ಕೂರುತ್ತದೆ. ನಾನು ಕಂಪ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಸಂಜೆ ಪಡಸಾಲೆಯಲ್ಲಿ ಟ್ಯೂಷನ್. ಬೆನ್ನೆಲುಬು ಇರುವುದೆಲ್ಲ ಕಶೇರುಕ, ಅವುಗಳಲ್ಲಿ ಮರಿಗೆ ಹಾಲೂಡುವುದು ಮಾತ್ರ ಸಸ್ತನಿ ಎಂದು ಪ್ರತಿ ವರ್ಷವೂ ಕೂಗುತ್ತೇನೆ. ಮಕ್ಕಳು ಪ್ರತಿ ವರ್ಷವೂ ಕೋಳಿಯನ್ನು ಸಸ್ತನಿಗೆ ಸೇರಿಸುತ್ತಾರೆ, ಬಾವಲಿಯನ್ನು ಹಕ್ಕಿ ಮಾಡುತ್ತಾರೆ. ಆ ಪಾಠ ಸರಿಯಾಗಿ ಕಲಿತದ್ದು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಹನುಮಕ್ಕ ಒಬ್ಬಳೇ.

ಹೋದ ತಿಂಗಳು ಎದೆ ಹಿಡಿದಂತಾಗಿ ಆಸ್ಪತ್ರೆ ಸೇರಿದ್ದೆ. ಮನೆಗೆ ಕಳಿಸುವಾಗ ಡಾಕ್ಟರು, "ಕುರಿ, ಮೇಕಿ ಮಾಂಸ ಬಿಟ್ಬಿಡ್ರಿ" ಎಂದರು. ಅವರು ಅಂದದ್ದು ಅಷ್ಟೇ. ಹನುಮಕ್ಕ ಕಾನೂನನ್ನು ಹಿಗ್ಗಿಸಿದಳು. "ಇನ್ನ ಈ ಮನ್ಯಾಗ ಬೆನ್ನೆಲುಬು ಇರೋದು ಯಾವುದೂ ಬ್ಯಾಡ್ರಿ." ಕೋಳಿ ಹೋಯಿತು, ಡ್ಯಾಮಿನ ಮೀನೂ ಹೋಯಿತು. ಭಾನುವಾರ ಮೀನಿಲ್ಲದಿದ್ದರೆ ಹೊಸಪೇಟೆಯಲ್ಲಿ ಯಾಕಿರಬೇಕು ಎನ್ನುವವನು ನಾನು. ಸೋರೆಕಾಯಿ ತಿಂದು ತಿಂದು ಸಹನೆ ಕೆಟ್ಟಿತು.

ಈ ಭಾನುವಾರ ತಾಟಿನ ನಡುವೆ ಬಟ್ಟಲಿಟ್ಟು ಪಾಠಕ್ಕೆ ಕೂತೆ.

"ನೋಡು, ತಾಟು ಅಂದ್ರ ಕಶೇರುಕ, ಬಟ್ಟಲ ಅಂದ್ರ ಸಸ್ತನಿ. ಡಾಕ್ಟರು ಬಿಡು ಅಂದದ್ದು ಬಟ್ಟಲದಾಗಿಂದು. ಮೀನು ಬಟ್ಟಲದ ಹೊರಗ ಐತಿ."

ಅವಳು ಒಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ ಬಂದಳು. "ಮೀನು ನಡೀತೈತಂತ್ರಿ. ಎಣ್ಣಿ ಕಮ್ಮಿ ಹಾಕ್ತೀನಿ."

ವಿಜ್ಞಾನ ಗೆದ್ದಿತೆಂದು ಬೀಗಿದೆ. ಮಧ್ಯಾಹ್ನ ಮೀನಿನ ಸಾರು ಘಮಘಮಿಸಿತು. ನನಗೆ ಬಡಿಸಿದ ಅವಳು ತನಗೆ ಮೊಸರನ್ನ ಕಲಸಿಕೊಂಡಳು. ಮೀನಿನ ಹುಚ್ಚು ನನಗಿಂತ ಅವಳಿಗೇ ಹೆಚ್ಚು. ಬುಕ್ಕಸಾಗರದ ಹೊಳೆದಂಡೆಯಲ್ಲಿ ಬೆಳೆದವಳು.

"ನೀ ಯಾಕ ತಿನ್ನವಲ್ಲಿ?"

"ನಾ ಹುಲಿಗೆಮ್ಮಗ ಬೇಡ್ಕೊಂಡೀನ್ರಿ. ನಿಮ್ಮನ್ನ ಒಳಗ ಕರ್ಕೊಂಡು ಹೋದಾಗ, ಆಸ್ಪತ್ರಿ ಬಾಗಿಲದಾಗ ನಿಂತು. ಇವರು ನೆಟ್ಟಗ ಮನಿಗೆ ಬರಲಿ, ವರ್ಷದ ತನಕ ಬೆನ್ನೆಲುಬು ಇರೋದು ತಿನ್ನಂಗಿಲ್ಲ ಅಂತ."

ನನ್ನೊಳಗಿನ ಮೇಷ್ಟ್ರು ಅಲ್ಲೂ ಸುಮ್ಮನಿರಲಿಲ್ಲ. "ಸಸ್ತನಿ ಅಂದಿದ್ರ ಸಾಕಿತ್ತಲ್ಲ."

"ಸಣ್ಣದು ಹೇಳಿ, ಅದು ಸಾಲದಾಗಿದ್ರ?" ಎಂದಳು.

ನನ್ನ ಗಂಟಲು ಕಟ್ಟಿತು. ಮುಳ್ಳು ಸಿಕ್ಕಿತೆಂದು ಅವಳು ಗಾಬರಿಯಾಗಿ, ಬರೀ ಅನ್ನದ ಉಂಡೆ ಮಾಡಿ ಕೈಗಿಟ್ಟಳು. ಮುಳ್ಳೇ ಇರಬೇಕು ಎಂದು ಒಪ್ಪಿಕೊಂಡು ನುಂಗಿದೆ.